ಹಸಿರು ಬರುವ ತನಕ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಬಂದದ್ದು ಬೆಳಗಿನ ಜಾವ 4:52ಕ್ಕೆ. ಹೊತ್ತು ನೋಡಿದಾಗಲೇ ವಿಷಯ ಗೊತ್ತಾಯಿತು, ಓದುವುದೇ ಬೇಕಿರಲಿಲ್ಲ: ನಿನ್ನ ಮಗನೂ ಬೆಳಗಾಗುವ ಮುಂಚೆಯೇ ಏಳುತ್ತಿದ್ದಾನೆ.

ನೀನು ಕೇಳಿದ ಆ ಗಡಿಯಾರ, ಬಣ್ಣ ಬದಲಾಯಿಸಿ ಮಗುವಿಗೆ ಏಳುವ ಹೊತ್ತಾಯಿತು ಅಂತ ತೋರಿಸುವಂಥದ್ದು, ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಇದೆ. ತಗೊಳ್ಳಬಹುದಾ ಅಂದೆ. ತಗೋ. ಆದರೆ ನಾನು ಮಾಡಿದ ಹಾಗೆ ಮಾತ್ರ ಮಾಡಬೇಡ ಮಾರಾಯ.

ಮಗಳಿಗೆ ಆಗ ಎರಡೂವರೆ ವರ್ಷ. ಕೋಳಿ ಕೂಗುವ ಮುಂಚೆ, ದಿನಾ ಐದಕ್ಕೆ ಎಚ್ಚರ. ಅಳುವುದಿಲ್ಲ, ಕೂಗುವುದಿಲ್ಲ. ಮೆಲ್ಲಗೆ ಬಂದು ನನ್ನ ತಲೆಯ ಹತ್ತಿರ ನಿಂತು, ತೋರುಬೆರಳಿನಿಂದ ನನ್ನ ಕಣ್ಣಿನ ರೆಪ್ಪೆ ಎತ್ತಿ, ಅಪ್ಪ ಒಳಗಿದ್ದಾನಾ ಅಂತ ಇಣುಕುತ್ತಿದ್ದಳು. ಒಂದೆರಡು ದಿನ ಮುದ್ದು ಬರುತ್ತದೆ. ಎರಡು ತಿಂಗಳಾದ ಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸುತ್ತದೆ.

ಗಡಿಯಾರ ಬಂತು. ರಾತ್ರಿಯೆಲ್ಲ ಒಂದು ಬಣ್ಣ, ನಾವು ಇಟ್ಟ ಹೊತ್ತಿಗೆ ಹಸಿರು. ಅದರ ಕೆಲಸ ಅಷ್ಟೇ. ನಾನು ಮೊದಲ ದಿನವೇ 6:30ಕ್ಕೆ ಇಟ್ಟೆ. ಅತಿಯಾಸೆ ಗತಿಗೇಡು. ಅವಳು ಐದಕ್ಕೆ ಎದ್ದಳು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ‘ಹಸಿರು ಬಾ, ಹಸಿರು ಬಾ’ ಅಂತ ಕರೆದಳು. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಶುರುವಾದ ರಂಪ 6:30ರ ತನಕ ನಿಲ್ಲಲಿಲ್ಲ. ಮೂರು ದಿನ ಇದೇ ಕಥೆ. ನಾಲ್ಕನೇ ದಿನ ಗಡಿಯಾರ ವಾಪಸ್ ಡಬ್ಬಿಗೆ ಹೋಯಿತು, ‘ಸುಮ್ನೆ ದುಡ್ಡು ದಂಡ’ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ತಪ್ಪು ಗಡಿಯಾರದ್ದಲ್ಲ ಅಂತ ಹೊಳೆಯಲು ಒಂದು ತಿಂಗಳು ಬೇಕಾಯಿತು. ಎರಡೂವರೆ ವರ್ಷದವಳಿಗೆ ಒಂದೂವರೆ ಗಂಟೆ ಅಂದರೆ ಏನು ಗೊತ್ತು? ಅತ್ತೂ ಅತ್ತೂ ಸುಸ್ತಾದ ಮೇಲೆ ಬಂದ ಹಸಿರು, ಕಾದದ್ದಕ್ಕೆ ಬಂತು ಅಂತ ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಬಾರದ ಹಸಿರು.

ಎರಡನೇ ಸಲ 5:05ಕ್ಕೆ ಇಟ್ಟೆ. ಹೌದು, ಅವಳು ಹೇಗೂ ಏಳುವ ಹೊತ್ತಿಗೇ. ಎದ್ದಳು, ಪಕ್ಕದಲ್ಲಿ ಕೂತೆ, ಇಬ್ಬರೂ ನೋಡಿದೆವು, ಬಣ್ಣ ಬದಲಾಯಿತು. ಆ ಮುಖ ನೀನು ನೋಡಬೇಕಿತ್ತು. ತಾನೇ ಗುಂಡಿ ಒತ್ತಿ ಸೂರ್ಯನನ್ನು ಹತ್ತಿಸಿದ ಹಾಗೆ! ನಾಲ್ಕು ದಿನ ಹಾಗೇ ಬಿಟ್ಟು, ಆಮೇಲೆ 5:10, ಆಮೇಲೆ 5:20. ಮೂರು ನಾಲ್ಕು ದಿನಕ್ಕೊಮ್ಮೆ ಐದೋ ಹತ್ತೋ ನಿಮಿಷ. ರಗಳೆ ಶುರುವಾದರೆ ಒಂದು ಹೆಜ್ಜೆ ಹಿಂದೆ. 6:10ಕ್ಕೆ ಬರಲು ಆರು ವಾರ ಹಿಡಿಯಿತು. ನಡುವೆ ಒಂದು ದಿನ ಕಾಯುತ್ತಾ ಕಾಯುತ್ತಾ ದಿಂಬಿನ ಮೇಲೆ ಹಾಗೇ ಒರಗಿ ಮತ್ತೆ ನಿದ್ದೆ ಹೋಗಿದ್ದಳು. ನನಗೆ ಬೇಕಾಗಿದ್ದದ್ದು ಅದೇ ಅಲ್ವಾ!

ಆ ಹೊತ್ತಿನಲ್ಲಿ ಮತ್ತೆ ಮಲಗುವುದು ಅಷ್ಟು ಸುಲಭ ಅಲ್ಲ. ಸಂಜೆ ಮಗುವಿಗೆ ನಿದ್ದೆಯ ಹಸಿವು ಜೋರಾಗಿರುತ್ತದೆ. ಬೆಳಗಿನ ಜಾವಕ್ಕೆ ಅದು ಹೆಚ್ಚುಕಡಿಮೆ ತೀರಿರುತ್ತದೆ. ನಿದ್ದೆ ತೆಳುವಾಗಿರುತ್ತದೆ, ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನು ಇಳಿಮುಖದಲ್ಲಿರುತ್ತದೆ. ರಾತ್ರಿ ಹತ್ತಕ್ಕೆ ಪಾತ್ರೆ ಬಿದ್ದರೂ ಏಳದ ಮಗು, ಐದಕ್ಕೆ ಪರದೆಯ ಸಂದಿಯಿಂದ ಒಂದು ಗೆರೆ ಬೆಳಕು ಬಂದರೆ ಸಾಕು, ಕಣ್ಣು ಬಿಡುತ್ತದೆ. ಆದ್ದರಿಂದ ಗಡಿಯಾರಕ್ಕಿಂತ ಮೊದಲು ಕಿಟಕಿಗೆ ದಪ್ಪ ಪರದೆ ಹಾಕು. ನಮ್ಮಲ್ಲಿ ಅರ್ಧ ಕೆಲಸ ಮಾಡಿದ್ದು ಅದೇ ಅಂತ ನನ್ನ ಅನುಮಾನ.

ಬಣ್ಣದ ವಿಷಯದಲ್ಲೂ ಸ್ವಲ್ಪ ನೋಡಿಕೋ. ಕೆಲವದರಲ್ಲಿ ರಾತ್ರಿಯಿಡೀ ನೀಲಿ ಬೆಳಕು ಇರುತ್ತದೆ. ಮೆಲಟೋನಿನ್ ಅನ್ನು ಜಾಸ್ತಿ ತಗ್ಗಿಸುವುದು ನೀಲಿ ಬೆಳಕೇ, ಮಕ್ಕಳ ಕಣ್ಣಿಗಂತೂ ನಮಗಿಂತ ಬೇಗ ತಾಗುತ್ತದೆ. ರಾತ್ರಿಗೆ ಮಂಕಾದ ಕೆಂಪು ಬರುವಂಥದ್ದು ತಗೋ, ಇಲ್ಲವೇ ಪೂರ್ತಿ ಆರಿಸಲು ಆಗುವಂಥದ್ದು. ಖರ್ಚು ಬೇಡ ಅನ್ನಿಸಿದರೆ ಒಂದು ಸಣ್ಣ ರಾತ್ರಿದೀಪ, ಒಂದು ಟೈಮರ್ ಪ್ಲಗ್. ದೀಪ ಹತ್ತಿದರೆ ಬೆಳಗಾಯಿತು. ಮಗುವಿಗೆ ಎರಡೂ ಒಂದೇ.

ಇನ್ನೊಂದು ಲೆಕ್ಕ ಹಾಕು. ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಅನ್ನುತ್ತಾರೆ, ಮಧ್ಯಾಹ್ನದ ನಿದ್ದೆಯೂ ಸೇರಿ. ನಿನ್ನ ಮಗ ಸಂಜೆ ಏಳಕ್ಕೆ ಮಲಗಿ ಐದಕ್ಕೆ ಎದ್ದು, ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಹನ್ನೆರಡಾಯಿತು. ಅವನ ಪಾಲಿನದು ಬಹುಶಃ ಮುಗಿದೇಹೋಯಿತು! ಇಲ್ಲದ ನಿದ್ದೆಯನ್ನು ಗಡಿಯಾರ ಎಲ್ಲಿಂದ ತರುತ್ತೆ? ಆಗ ಮಲಗುವ ಹೊತ್ತನ್ನೇ ಕಾಲು ಕಾಲು ಗಂಟೆ ಮುಂದೆ ತಳ್ಳಬೇಕು. ಒಮ್ಮೆಗೇ ತಳ್ಳಬೇಡ, ದಣಿವು ಮೀರಿದ ಮಗು ಇನ್ನೂ ಬೇಗ ಏಳುವುದೂ ಉಂಟು. ನಮ್ಮವಳದು ಮಧ್ಯಾಹ್ನದ ನಿದ್ದೆ ನಾಲ್ಕೂವರೆ ತನಕ ಎಳೆಯುತ್ತಿತ್ತು, ಮೂರಕ್ಕೆ ಎಬ್ಬಿಸಲು ಶುರು ಮಾಡಿದೆವು. ಗೊರಕೆ, ಬಾಯಲ್ಲಿ ಉಸಿರಾಟ ಇದ್ದರೆ ಮಾತ್ರ ಇದೆಲ್ಲ ಬಿಟ್ಟು ಡಾಕ್ಟರ ಹತ್ತಿರ ಹೋಗು.

ನಿನ್ನವನಿಗೆ ಎರಡು ವರ್ಷ ಮೂರು ತಿಂಗಳು ಅಂದೆಯಲ್ಲ. ಸ್ವಲ್ಪ ಬೇಗವೇ ಆಯಿತು, ಆದರೂ ನೋಡು. ಹಗಲಲ್ಲಿ ಆಟ ಆಡಿಸು: ಕೆಂಪು ಅಂದರೆ ಸುಮ್ಮನೆ ಮಲಗಬೇಕು, ಹಸಿರು ಅಂದರೆ ಎದ್ದು ಕುಣಿಯಬೇಕು. ನಾವು ಒಂದು ವಾರ ಕರಡಿ ಗೊಂಬೆಯನ್ನೂ ಮಲಗಿಸಿ ಏಳಿಸಿದೆವು. ಆಟ ತಲೆಗೆ ಹೋಗದಿದ್ದರೆ ಎರಡು ಮೂರು ತಿಂಗಳು ಬಿಟ್ಟು ನೋಡು, ಬಲವಂತ ಬೇಡ. ಉಚ್ಚೆ ಬಂದರೆ, ಹೆದರಿಕೆಯಾದರೆ ಕೆಂಪಿದ್ದರೂ ಕರೆಯಬಹುದು ಅಂತ ಹೇಳಿಬಿಡು. ‘ಕೆಂಪಿದೆ, ಸುಮ್ಮನಿರು’ ಅಂತ ಗದರಿಸಲು ಅದನ್ನು ಬಳಸಿದರೆ ಮುಗಿಯಿತು, ಗಡಿಯಾರ ಗುಮ್ಮ ಆಗುತ್ತದೆ.

ಅವರು ಕಾದ ಮೇಲೆ ನಮ್ಮ ಪಾಳಿ. ಹಸಿರು ಬಂದ ಕೂಡಲೇ ನಾವು ಏಳಲೇಬೇಕು, ಭಾನುವಾರವಾದರೂ. ಕಳೆದ ಭಾನುವಾರ 6:10ಕ್ಕೆ ನನ್ನ ರೆಪ್ಪೆ ಎತ್ತಿದಳು. ‘ಅಪ್ಪಾ, ಹಸಿರು.’ ಐದೇ ನಿಮಿಷ ಪುಟ್ಟಿ ಅಂದು ಆಚೆ ತಿರುಗಿ ಮಲಗಿದೆ. ಸದ್ದಿಲ್ಲ. ಒಂದು ಕಣ್ಣು ಬಿಟ್ಟು ನೋಡಿದರೆ, ಗಡಿಯಾರದ ಮುಂದೆ ಬಗ್ಗಿ ನಿಂತು, ಅದರ ಕಿವಿ ಎಲ್ಲಿದೆ ಅಂತ ಹುಡುಕಿದವಳ ಹಾಗೆ ಮೆಲ್ಲಗೆ ಹೇಳುತ್ತಿದ್ದಳು: ‘ನೋಡು, ಅಪ್ಪ ಎದ್ದೇ ಇಲ್ಲ.’

ಎದ್ದೆ ಕಣೋ, ಇನ್ನೇನು ಮಾಡಲಿ.

ನಿನ್ನ,
ಹಳೇ ಗೆಳೆಯ