ಎತ್ತಿನಹೊಳೆಯ ಹರಿವಿನ ಲೆಕ್ಕ ಜನರ ಮುಂದಿಡಿ

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರನ್ನು ಪೂರ್ವದ ಬಯಲುಸೀಮೆಗೆ ಎತ್ತುವ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಗಳು ಬಹುಪಾಲು ಪಂಪು, ಕೊಳವೆ, ಕಾಲುವೆ ಮತ್ತು ಪರಿಷ್ಕೃತ ಅಂದಾಜು ವೆಚ್ಚಕ್ಕೆ ಸಂಬಂಧಿಸಿರುತ್ತವೆ. ಆ ಹೊಳೆ ಎಲ್ಲಿ ಹುಟ್ಟುತ್ತದೆ, ಯಾವ ಹಳ್ಳಗಳನ್ನು ಕೂಡಿಕೊಂಡು ಎಲ್ಲಿಗೆ ಸೇರುತ್ತದೆ ಎಂಬುದನ್ನು ಓದುಗರಿಗೆ ತಿಳಿಸುವ ಬರಹ ಅಪರೂಪವಾದ್ದರಿಂದ ಈ ಪತ್ರ.

ಸಕಲೇಶಪುರ ಪಟ್ಟಣದಲ್ಲಿ ಹರಿಯುವ ಹೇಮಾವತಿ ಪೂರ್ವಕ್ಕೆ ಸಾಗಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದರೆ, ಬಿದ್ದ ಮಳೆಯೆಲ್ಲ ಅರಬ್ಬೀ ಸಮುದ್ರದ ಪಾಲು. ಈ ಇಳಿಜಾರಿನ ಶೋಲಾ ಕಾಡು (ಬೆಟ್ಟದ ಕಣಿವೆಗಳ ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲುಗಳ ಒರತೆಗಳೇ ಎತ್ತಿನಹೊಳೆಯ ಮೂಲ. ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳೂ ಇದೇ ಜಲಾನಯನದವು. ಇವೆಲ್ಲವುಗಳ ನೀರು ಕೂಡಿ ಗುಂಡ್ಯ ಹೊಳೆಯಾಗುತ್ತದೆ. ಗುಂಡ್ಯ ಹೊಳೆ ಕುಮಾರಧಾರೆಯನ್ನೂ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನೂ ಸೇರುತ್ತವೆ. ಮಳೆಗಾಲದಲ್ಲಿ ಎರಡೂ ನದಿಗಳು ಉಕ್ಕಿ ಸಹಸ್ರಲಿಂಗೇಶ್ವರ ದೇವಾಲಯದ ಮುಂದೆ ಒಂದಾದಾಗ ಜನ ಬಾಗಿನ ಹಿಡಿದು ನಿಲ್ಲುವ ಆ ಸಂಗಮದಲ್ಲಿ ನಮ್ಮ ಘಟ್ಟದ ಹಳ್ಳಗಳ ನೀರೂ ಇರುತ್ತದೆ. ಮಂಗಳೂರಿನ ನಲ್ಲಿಗೆ ನೀರು ಕೊಡುವ ತುಂಬೆ ಅಣೆಕಟ್ಟು ಇದೇ ನೇತ್ರಾವತಿಯ ಮೇಲಿದೆ.

ಗುಂಡ್ಯದ ಹೆಸರನ್ನೇ ಹೊತ್ತ ಒಂದು ಕಪ್ಪೆಯಿದೆ. 1986ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಇಂಡಿರಾನ ಗುಂಡಿಯಾ ಎಂಬ ಆ ಪ್ರಭೇದ ಪಶ್ಚಿಮ ಘಟ್ಟದ ಆಚೆ ಎಲ್ಲೂ ಕಾಣಸಿಗದು. ಕಾಡಿನ ತೇವ ಆರಿದರೆ ಅಂಥ ಜೀವಿಗೆ ಬೇರೆ ನೆಲೆಯಿಲ್ಲ.

ಎತ್ತಿನಹೊಳೆಯೂ ಸೇರಿ ಮೇಲೆ ಹೇಳಿದ ನಾಲ್ಕು ಹಳ್ಳಗಳಿಗೆ 8 ಕಿರು ಅಣೆಗಳನ್ನು ಕಟ್ಟಿ, ಮಳೆಗಾಲದ 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ಪೂರ್ವದ ಬಯಲುಸೀಮೆಗೆ ಎತ್ತುವುದು ಯೋಜನೆಯ ಉದ್ದೇಶ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇಲ್ಲಿ ದೊರೆಯಬಹುದೆಂದು ಅಂದಾಜಿಸಿದ್ದು 9.55 ಟಿಎಂಸಿ. ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಎರಡು ಅಂದಾಜುಗಳ ನಡುವೆ ಇಷ್ಟು ಅಂತರವಿರುವಾಗ, ಅಳೆದು ನೋಡದೆ ಭರವಸೆ ಕೊಡುವುದು ಅವರಿಗೂ ಅನ್ಯಾಯ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತಿರುವುದರಿಂದ ಇನ್ನು ಅಂದಾಜಿನ ಮೇಲೆಯೇ ವಾದ ನಡೆಸಬೇಕಾದ ಅಗತ್ಯವೂ ಇಲ್ಲ.

ಪ್ರತಿಯೊಂದು ಅಣೆಯಲ್ಲಿ ಎಷ್ಟು ನೀರು ಬಂತು, ಎಷ್ಟನ್ನು ಎತ್ತಲಾಯಿತು, ಎಷ್ಟು ಕೆಳಗೆ ಹರಿಯಿತು ಎಂಬ ದಿನವಹಿ ಲೆಕ್ಕವನ್ನು, ಜಲಾಶಯಗಳ ನೀರಿನ ಮಟ್ಟವನ್ನು ಪ್ರಕಟಿಸುವಂತೆಯೇ, ಸರ್ಕಾರ ಹಳ್ಳವಾರು ಪ್ರಕಟಿಸಬೇಕು. ಬೇಸಿಗೆಯಲ್ಲಿ ಗುಂಡ್ಯದ ಬಳಿ ಎಷ್ಟು ಹರಿವು ಉಳಿದಿದೆ ಎಂಬುದೂ ಅದರಲ್ಲಿರಲಿ. ತಮ್ಮ ಪತ್ರಿಕೆಯೂ ಈ ಹಳ್ಳಗಳ ಹೆಸರು ಮತ್ತು ಹಾದಿಯನ್ನು ತೋರಿಸುವ ನಕ್ಷೆಯೊಂದನ್ನು ಮುದ್ರಿಸಬೇಕೆಂದು ಕೋರುತ್ತೇನೆ.

– ಓದುಗ, ಸಕಲೇಶಪುರ