ಪ್ಯಾನೆಲ್ ಒಳಗಿನ ಸಿಲಿಕಾನ್ ಯಾರ ದುಡಿಮೆ? ವಾಣಿಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಸಚಿವರಿಗೆ ನಮಸ್ಕಾರಗಳು.

ನಾನು ಪಾವಗಡ ಸೀಮೆಯವನು. ನಮ್ಮ ತಿರುಮಣಿ ಸುತ್ತ ಸುಮಾರು 13,000 ಎಕರೆ ತುಂಬಾ ಸೋಲಾರ್ ಪ್ಯಾನೆಲ್‌ಗಳಿವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಪ್ಯಾನೆಲ್ ಒಳಗಿನ ಸಿಲಿಕಾನ್ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ಯಾನೆಲ್ ಮಾಡಲು ಬಳಸುವ ಶುದ್ಧ ಸಿಲಿಕಾನ್‌ಗೆ ಪಾಲಿಸಿಲಿಕಾನ್ ಅಂತಾರೆ. 2020ರಲ್ಲಿ ಜಗತ್ತಿನ ಸೋಲಾರ್‌ಗೆ ಬೇಕಾದ ಪಾಲಿಸಿಲಿಕಾನ್‌ನಲ್ಲಿ ಶೇ. 45ರಷ್ಟು ಬಂದಿದ್ದು ಚೀನಾದ ಶಿನ್‌ಜಿಯಾಂಗ್‌ನಿಂದ. ಉಯ್ಘರ್ ಮುಸ್ಲಿಮರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದಾರೆ, ಬಲವಂತದಿಂದ ದುಡಿಸುತ್ತಿದ್ದಾರೆ ಎಂಬ ದೂರು ಇರುವುದು ಅಲ್ಲೇ. 2022ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಅಲ್ಲಿ ಗಂಭೀರ ಉಲ್ಲಂಘನೆ ನಡೆದಿದೆ ಎಂದಿತು. ಅದೇ ಅಕ್ಟೋಬರ್‌ನಲ್ಲಿ ಮಾನವ ಹಕ್ಕುಗಳ ಮಂಡಳಿಯಲ್ಲಿ ಮತಕ್ಕೆ ಬಂದಿದ್ದು ಬರೀ ಚರ್ಚೆ ಮಾಡೋಣವೇ ಎಂಬ ಪ್ರಶ್ನೆ. ಭಾರತ ಅದಕ್ಕೂ ತಟಸ್ಥ. ಬರೀ ಚರ್ಚೆಗೆ, ಸ್ವಾಮಿ!

ಅಮೆರಿಕದಲ್ಲಿ 2022ರ ಜೂನ್‌ನಿಂದ ಒಂದು ಕಾನೂನಿದೆ. ಶಿನ್‌ಜಿಯಾಂಗ್ ಮಾಲು ಬಂದರೆ ಅದು ಬಲವಂತದ ದುಡಿಮೆಯದ್ದು ಎಂದೇ ಕಸ್ಟಮ್ಸ್‌ನವರು ಹಿಡಿಯುತ್ತಾರೆ. ಅಲ್ಲ ಅಂತ ತೋರಿಸುವ ಹೊಣೆ ತರಿಸಿಕೊಂಡವರದು. ಬಲವಂತದ ದುಡಿಮೆಯ ಮಾಲನ್ನು ತಡೆಯುವ ಯುರೋಪ್ ಒಕ್ಕೂಟದ ಕಾನೂನು 2027ರ ಡಿಸೆಂಬರ್‌ನಿಂದ ಅನ್ವಯ. ಅಲ್ಲಿ ಬೇಡವಾದ ಮಾಲು ಆಮೇಲೆ ಎಲ್ಲಿಗೆ ಹೋಗುತ್ತದೆ? ಕೇಳೋರಿಲ್ಲದ ಕಡೆಗೆ, ಅಲ್ವಾ?

ಅನ್ಯಾಯ ಕಂಡು ವ್ಯಾಪಾರ ಬಿಡುವುದು ನಮಗೆ ಹೊಸದೇನೂ ಅಲ್ಲ. 1946ರಲ್ಲಿ, ಸ್ವಾತಂತ್ರ್ಯ ಇನ್ನೂ ಕೈಗೆ ಬರುವ ಮೊದಲೇ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬೇಕು, ಎಲ್ಲಿ ವಾಸ ಮಾಡಬೇಕು ಎಂದು ಬಿಳಿಯರ ಸರ್ಕಾರ ಗೆರೆ ಎಳೆದಿತ್ತು. ಆಗ ನಮ್ಮ ರಫ್ತಿನಲ್ಲಿ ಆ ದೇಶದ ಪಾಲು ಸುಮಾರು ಶೇ. 5. ನಷ್ಟ ಗೊತ್ತಿದ್ದೇ ಬಿಟ್ಟರು. ನಲವತ್ತಕ್ಕೂ ಜಾಸ್ತಿ ವರ್ಷ ಆ ಮಾತಿಗೆ ನಿಂತರು.

ಹಾಗಂತ ಇಡೀ ದೇಶದ ಮಾಲಿಗೆ ಬೀಗ ಹಾಕಿ ಅಂತ ನಾನು ಕೇಳುತ್ತಿಲ್ಲ. 2003ರಲ್ಲಿ ಅಮೆರಿಕ, ಸೇನೆಯ ಆಳ್ವಿಕೆಯಲ್ಲಿದ್ದ ಬರ್ಮಾದ (ಈಗಿನ ಮ್ಯಾನ್ಮಾರ್) ಆಮದನ್ನೆಲ್ಲ ನಿಷೇಧಿಸಿತು. ಗಾರ್ಮೆಂಟ್ಸ್ ಮುಚ್ಚಿ ಸಾವಿರಾರು ಹೆಣ್ಣುಮಕ್ಕಳ ಕೆಲಸ ಹೋಯಿತು. ಸೇನಾಧಿಕಾರಿಗಳು ಕುರ್ಚಿಯಲ್ಲೇ ಇದ್ದರು. ತಡೆಯಬೇಕಾದ್ದು ಬಲವಂತದಿಂದ ಮಾಡಿಸಿದ ಮಾಲನ್ನು.

ನಾವು ಕೇಳಿದರೆ ನಮ್ಮನ್ನೂ ಕೇಳುತ್ತಾರೆ, ನಿಜ. ನಮ್ಮ ಇಟ್ಟಿಗೆ, ಹೈಬ್ರಿಡ್ ಹತ್ತಿಬೀಜ ಎರಡೂ ಅಮೆರಿಕದ ಕಾರ್ಮಿಕ ಇಲಾಖೆಯ ಬಲವಂತದ ದುಡಿಮೆಯ ಮಾಲುಗಳ ಪಟ್ಟಿಯಲ್ಲಿವೆ. ಕೇಳಲಿ ಬಿಡಿ. ಇಟ್ಟಿಗೆ ಗೂಡಿನಲ್ಲಿ ಸಾಲಕ್ಕೆ ಸಿಕ್ಕಿಬಿದ್ದವರಿಗೆ ಅದರಿಂದ ಒಳ್ಳೆಯದೇ ಆದೀತು.

ಮೊದಲು ಇಷ್ಟು ಮಾಡಿ: ಬಂದರಿಗೆ ಬರುವ ಪ್ರತಿ ಸೋಲಾರ್ ಕನ್‌ಸೈನ್‌ಮೆಂಟ್‌ಗೂ ಪಾಲಿಸಿಲಿಕಾನ್ ಯಾವ ಊರಿನದು ಅಂತ ಬರೆಸಿಕೊಳ್ಳಿ. ಅದನ್ನು ಜನರೆಲ್ಲ ನೋಡುವ ಹಾಗೆ ಪ್ರಕಟಿಸಿ. ಬಲವಂತದ ದುಡಿಮೆಯ ಮಾಲು ತಡೆಯುವ ಮಸೂದೆಯನ್ನು ಯಾವಾಗ ತರುತ್ತೀರಿ ಅನ್ನೋದನ್ನು ಸಂಸತ್ತಿನಲ್ಲೇ ಹೇಳಿ.

ಇಂತಿ,
ಪಾವಗಡ ತಾಲ್ಲೂಕಿನ ಒಬ್ಬ ಮತದಾರ