‘2020ರ ಮಾಡೆಲ್’ ಅಂದರೆ ಯಾವ 2020?

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಕಾರು ಕೊಂಡು ಮಾಡಿಫೈ ಮಾಡಿಸುವುದರ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಹಳೇ ವರ್ಷದ ಗಾಡಿ ಅಗ್ಗಕ್ಕೆ ಸಿಗುತ್ತದೆ, ಮಿಕ್ಕ ದುಡ್ಡನ್ನು ರೀಮ್ಯಾಪ್‌ಗೆ (ಎಂಜಿನ್ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸುವುದಕ್ಕೆ) ಹಾಕಿ ಅನ್ನುವುದು ಅದರ ಸಲಹೆ. ನಾನು ಹಾಸನದಲ್ಲಿ ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಪಾಠ ಮಾಡುವವಳು. ಆ ಪುಟದ ಫೋಟೊ ಮೊಬೈಲಿನಲ್ಲಿಟ್ಟುಕೊಂಡು ‘ಮೇಡಂ, 2014ರದ್ದು ತಗೊಳ್ಳಲಾ?’ ಎಂದು ಕೇಳುವವರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಅವರಿಗೆ ‘ಬೇಡ’ ಅಂದೆ. ಯಾಕೆ ಅಂತ ನಿಮಗೂ ಹೇಳಬೇಕು.

ಪೋಲೊ ಕೂಡ ಸ್ಪೋರ್ಟ್ಸ್ ಕಾರಾ ಎಂದು ಕೆಲವರು ಮೂಗು ಮುರಿಯಬಹುದು. ಪೋಲೊಗಳಲ್ಲಿ ಆ ಹೆಸರಿಗೆ ತಕ್ಕದ್ದು 2016ರಲ್ಲಿ ಬಂದ ಜಿಟಿಐ. 1.8 ಲೀಟರ್ ಟರ್ಬೊ (ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸುವ) ಎಂಜಿನ್, 192 ಪಿಎಸ್ ಪವರ್. ಭಾರತಕ್ಕೆ ಮೀಸಲಿಟ್ಟಿದ್ದು ಬರೀ 99 ಗಾಡಿ, ಆಗಿನ ಬೆಲೆ ಸುಮಾರು 26 ಲಕ್ಷ. ಅದರ ಮಾತು ಬಿಡಿ. ನಮ್ಮ ಹುಡುಗರ ಜೇಬಿಗೆ ಹೊಂದುವ ಸ್ಪೋರ್ಟ್ಸ್ ಕಾರು ಅಂದರೆ ಈ ಜಿಟಿಯೇ.

2013ರಿಂದ 2020ರ ಆರಂಭದವರೆಗೆ ಬಂದ ಪೆಟ್ರೋಲ್ ಜಿಟಿಯಲ್ಲಿ 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಇದೆ. 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಎಂಜಿನ್ ಬಗ್ಗೆ ನನಗೆ ತಕರಾರಿಲ್ಲ, ತುಂಬಾ ನಯವಾದ ಎಂಜಿನ್ ಅದು. ಆದರೆ ಅದರ ಜೊತೆ ಸಿಗುವುದು ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಒಂದೇ, ಮ್ಯಾನುಯಲ್ ಇಲ್ಲ. ಆ ಗೇರ್‌ಬಾಕ್ಸಿನ ಎರಡೂ ಕ್ಲಚ್ ಡ್ರೈ ಕ್ಲಚ್. ಪಲ್ಸರ್ ಬೈಕಿನ ಕ್ಲಚ್ ಎಣ್ಣೆಯಲ್ಲೇ ತಿರುಗುತ್ತದೆ, ಅದರ ಬಿಸಿಯನ್ನು ಎಣ್ಣೆ ಎಳೆದುಕೊಳ್ಳುತ್ತದೆ. ಇಲ್ಲಿ ಆ ಅನುಕೂಲ ಇಲ್ಲ. ಬೆಂಗಳೂರಿನ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದರೆ ಕ್ಲಚ್ ಅರ್ಧಂಬರ್ಧ ಹಿಡಿದುಕೊಂಡೇ ಜಾರುತ್ತಿರುತ್ತದೆ, ಬಿಸಿಯಾಗುತ್ತದೆ. ಕಾಗದದ ಮೇಲೆ ಆ ಗೇರ್‌ಬಾಕ್ಸ್ 250 ಎನ್‌ಎಂವರೆಗೆ ತಡೆಯುತ್ತದೆ. ರೀಮ್ಯಾಪ್ ಮಾಡುವವರು ತೋರಿಸುವುದೂ ಆ ಅಂಕಿಯನ್ನೇ. ಹೊಸ ಗೇರ್‌ಬಾಕ್ಸ್ ಆದರೆ ಸರಿ. ಹತ್ತು ವರ್ಷ ಬೆಂಗಳೂರು ಟ್ರಾಫಿಕ್‌ನಲ್ಲಿ ಓಡಿದ ಕ್ಲಚ್ ಪ್ಲೇಟು, ಮೆಕಾಟ್ರಾನಿಕ್ (ಗೇರ್ ಬದಲಾವಣೆ ನಿಯಂತ್ರಿಸುವ ಘಟಕ) ಎಷ್ಟು ತಡೆಯುತ್ತವೆ ಅಂತ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಅದು ಕೈಕೊಟ್ಟ ದಿನ, ಅಗ್ಗಕ್ಕೆ ತಂದು ಉಳಿಸಿದ ದುಡ್ಡು ವರ್ಕ್‌ಶಾಪಿಗೆ ಹೋಗುತ್ತದೆ.

ಪವರ್ ಯಾವಾಗ ಬೇಕಾದರೂ ಏರಿಸಿಕೊಳ್ಳಬಹುದು. ಗೇರ್‌ಬಾಕ್ಸ್ ಹಾಗೆ ಬದಲಾಯಿಸಲು ಬರುವುದಿಲ್ಲ. ಹಾಗಾಗಿ ವರ್ಷ ಆರಿಸುವಾಗ ಮೊದಲು ಗೇರ್‌ಬಾಕ್ಸ್ ನೋಡಿ ಅನ್ನುತ್ತೇನೆ ನಾನು.

2020ರ ಮಾರ್ಚ್‌ನಲ್ಲಿ ಬಿಎಸ್6 (ಹೊಗೆ ನಿಯಂತ್ರಣದ ಹೊಸ ಮಾನದಂಡ) ಪೋಲೊ ಬಂತು. 1.0 ಲೀಟರ್, ಮೂರು ಸಿಲಿಂಡರ್ ಟರ್ಬೊ, 110 ಪಿಎಸ್, ಅದೇ 175 ಎನ್‌ಎಂ. ನಿಂತಲ್ಲಿ ಸ್ವಲ್ಪ ನಡುಗುತ್ತದೆ, ಹೌದು. ಆದರೆ ಟರ್ಬೊ ಪೆಟ್ರೋಲ್ ಜೊತೆ ಆರು ಗೇರಿನ ಮ್ಯಾನುಯಲ್ ಸಿಕ್ಕಿದ್ದು ಇದರಲ್ಲೇ ಮೊದಲು. ಆಟೊಮ್ಯಾಟಿಕ್ ಬೇಕೆಂದವರಿಗೂ ಡಿಎಸ್‌ಜಿ ಹೋಗಿ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ) ಗೇರ್‌ಬಾಕ್ಸ್ ಬಂತು. ಗೇರ್ ಬದಲಾಯಿಸುವುದು ಸ್ವಲ್ಪ ನಿಧಾನ, ಆದರೆ ಟ್ರಾಫಿಕ್‌ನಲ್ಲಿ ಹೆಚ್ಚು ತಾಳಿಕೊಳ್ಳುತ್ತದೆ. ಇನ್ನೊಂದು ವಿಷಯ: ಇದೇ ಎಂಜಿನ್ ಕುಟುಂಬ ಆಮೇಲೆ ಟೈಗುನ್, ವರ್ಟಸ್, ಕುಶಾಕ್, ಸ್ಲಾವಿಯಾ ಕಾರುಗಳಿಗೂ ಬಂತು. 2022ರಲ್ಲಿ ಪೋಲೊ ನಿಂತರೂ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳಿಗೆ ಬರವಿಲ್ಲ.

ಮೋಸ ಹೋಗುವ ಜಾಗ ಇದೇ. ಜಾಹೀರಾತಿನಲ್ಲಿ ‘2020 ಮಾಡೆಲ್’ ಅಂತ ಇದ್ದರೆ ಅದು ಹೆಚ್ಚಾಗಿ ರಿಜಿಸ್ಟ್ರೇಷನ್ ಆದ ವರ್ಷ. ಹಳೇ ಮಾನದಂಡದ ಬಿಎಸ್4 ಗಾಡಿಗಳ ಮಾರಾಟಕ್ಕೆ 2020ರ ಮಾರ್ಚ್ 31 ಕೊನೆ ದಿನವಾಗಿತ್ತು. ಅಂದರೆ ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಹೋದ ಗಾಡಿ ಹಳೇ 1.2 ಡಿಎಸ್‌ಜಿಯೂ ಆಗಿರಬಹುದು. ತಯಾರಾಗಿದ್ದು 2019ರಲ್ಲಿ, ಬೆಲೆ ಮಾತ್ರ 2020ರದ್ದು! ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಎಂಜಿನ್ ಎಷ್ಟು ಸಿಸಿ ಅಂತಲೂ ಇರುತ್ತದೆ. ಅದನ್ನು ನೋಡದೆ ಅಡ್ವಾನ್ಸ್ ಕೊಡಬೇಡಿ.

999 ಸಿಸಿ ಅಂತ ಕಂಡ ತಕ್ಷಣ ಕುಣಿಯುವ ಹಾಗೂ ಇಲ್ಲ. ಟರ್ಬೊ ಇಲ್ಲದ ಸಾದಾ 1.0 ಎಂಪಿಐ ಪೋಲೊ ಕೂಡ 999 ಸಿಸಿಯೇ, ಅದಕ್ಕೂ ಮೂರೇ ಸಿಲಿಂಡರ್. ಮ್ಯಾನುಯಲ್ ಗಾಡಿಯಾದರೆ ಗೇರ್ ಲಿವರ್ ಮೇಲೆ ನೋಡಿ. ಆರು ಗೇರ್ ಇದ್ದರೆ ಟರ್ಬೊ, ಐದಿದ್ದರೆ ಸಾದಾ. ಬ್ಯಾಡ್ಜ್ ನಂಬಲೇಬೇಡಿ. ಬಿಎಸ್6 ಬಂದ ಮೇಲೆ ಜಿಟಿ ಅನ್ನುವ ಹೆಸರು ಆಟೊಮ್ಯಾಟಿಕ್‌ಗೆ ಮಾತ್ರ ಉಳಿಯಿತು. ಮ್ಯಾನುಯಲ್ ಬಂದಿದ್ದು ಹೈಲೈನ್ ಪ್ಲಸ್ ಹೆಸರಿನಲ್ಲಿ, ಪವರ್ ಎರಡರಲ್ಲೂ ಒಂದೇ. 2021ರ ಆರಂಭದಲ್ಲಿ ಕಂಫರ್ಟ್‌ಲೈನ್ ವೇರಿಯಂಟ್‌ನಲ್ಲೇ ಟರ್ಬೊ ಎಡಿಷನ್ ಅಂತ ಒಂದು ಬಂತು. ಆಗಿನ ಶೋರೂಮ್ ಬೆಲೆ 6.99 ಲಕ್ಷ. ಅಲಂಕಾರ ಕಡಿಮೆ, ಎಂಜಿನ್ ಅದೇ. ಮಾಡಿಫೈ ಮಾಡಿಸುವವನಿಗೆ ಅಲಂಕಾರ ಯಾಕೆ, ಅದನ್ನು ಹೇಗೂ ಬದಲಾಯಿಸುತ್ತಾನೆ ಅಲ್ವಾ? ನಾನು ಹುಡುಕಿ ತಂದದ್ದೂ ಅದನ್ನೇ.

ಕೊನೆಯ ವರ್ಷದ್ದು ಅಂತ 2022ರ ಗಾಡಿಗೆ ಜಾಸ್ತಿ ಕೇಳುವವರಿದ್ದಾರೆ. ಸುಮ್ನೆ ಕೊಡಬೇಡಿ. ಬಾನೆಟ್ ಎತ್ತಿದರೆ 2020ರದ್ದೂ ಅದೂ ಒಂದೇ. ಡೀಸೆಲ್ ಜಿಟಿಗೆ ಬೇರೆಯೇ ಅಭಿಮಾನಿಗಳಿದ್ದಾರೆ. 250 ಎನ್‌ಎಂ ಅಂದರೆ ಶಿರಾಡಿ ಘಾಟಿ ಹತ್ತುವಾಗ ಗೇರ್ ಇಳಿಸುವ ಕೆಲಸವೇ ಕಡಿಮೆ, ಅದು ಬರುತ್ತಿದ್ದದ್ದೂ ಮ್ಯಾನುಯಲ್‌ನಲ್ಲೇ. ಆದರೆ ಬಿಎಸ್6 ಬಂದಾಗ ಅದು ನಿಂತಿತು. ಚೆನ್ನಾಗಿ ನೋಡಿಕೊಂಡ ಗಾಡಿ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ, ಸಿಗುವುದು ಕಷ್ಟ.

ನನ್ನ ಗಾಡಿಗೆ ನಾನು ಮೊದಲು ಮಾಡಿಸಿದ್ದು ಹೊಸ ಟೈರು, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್. ಹುಡುಗರು ಇದನ್ನು ಮಾಡಿಫಿಕೇಷನ್ ಅಂತ ಒಪ್ಪುವುದೇ ಇಲ್ಲ. ಸಕಲೇಶಪುರದ ತಿರುವುಗಳಲ್ಲಿ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಹೋದರೆ ಒಪ್ಪುತ್ತಾರೆ.

ನಿಮ್ಮ ಬರಹದಲ್ಲಿ ಕಾನೂನಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ನಿರಾಕರಿಸಲು ಅವರ ಕೈಗೆ ನಾವೇ ಕಾರಣ ಕೊಟ್ಟ ಹಾಗೆ. ಹದಿನೆಂಟು, ಇಪ್ಪತ್ತರ ಹುಡುಗರು ಓದುವ ಪುಟ ಅದು. ಇಷ್ಟಾದರೂ ಹೇಳಬೇಕಿತ್ತು.

ಮುಂದಿನ ವಾರ ಆರ್‌ಸಿ ಓದುವುದು ಹೇಗೆ ಅಂತ ಅರ್ಧ ಪುಟ ಹಾಕಿ. ಬರೆಯುವವರು ಸಿಗದಿದ್ದರೆ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ.

ಇತಿ,
ಆಟೊಮೊಬೈಲ್ ವಿಭಾಗದ ಉಪನ್ಯಾಸಕಿ,
ಹಾಸನ